ಬೈಲೈನ್ ಇಲ್ಲದ ವರದಿಗಾರ: ಮಂಡ್ಯ, ಮದ್ದೂರು, ಮಳವಳ್ಳಿಯ ಕ್ರೀಡಾ ಪತ್ರಿಕೋದ್ಯಮ

ಕ್ರೀಡಾ ಪತ್ರಕರ್ತರ ಚರಿತ್ರೆ ಬರೆಯಹೊರಟವರಿಗೆ ಮೊದಲು ಕೈಗೆ ಸಿಗುವುದು ಅವರ ಪುಸ್ತಕಗಳು. ಬೆಂಗಳೂರಿನಲ್ಲಿ ನೆಲೆಸಿ 2009ರಲ್ಲಿ ತೀರಿಕೊಂಡ ರಾಜನ್ ಬಾಲಾ ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಇತಿಹಾಸವನ್ನು ‘ದಿ ಕವರ್ಸ್ ಆರ್ ಆಫ್’ ಎಂಬ ಗ್ರಂಥವಾಗಿಸಿದರು. ವೇದಂ ಜೈಶಂಕರ್ ಕರ್ನಾಟಕ ಕ್ರಿಕೆಟ್ಟಿನ ಕಥೆಯನ್ನು ‘ಕಾಸ್ಟಿಂಗ್ ಎ ಸ್ಪೆಲ್’ನಲ್ಲಿ ಹೇಳಿದರು. ಇಬ್ಬರೂ ಇಂಗ್ಲಿಷ್ ಪತ್ರಿಕೆಗಳವರು, ಹೆಸರು ಹಾಕಿಕೊಂಡು ಬರೆದವರು. ಮಂಡ್ಯ ಜಿಲ್ಲೆಗೆ ಬಂದರೆ ಈ ದಾರಿ ಮುಚ್ಚಿಹೋಗುತ್ತದೆ. ಇಲ್ಲಿ ಕ್ರೀಡಾ ವರದಿ ಬೇಕಾದಷ್ಟು ಬಂದಿದೆ. ಕ್ರೀಡಾ ವರದಿಗಾರ ಎಂಬ ಹುದ್ದೆ ಮಾತ್ರ ತಾಲ್ಲೂಕು ಕೇಂದ್ರಗಳಲ್ಲಿ ಬೇರೂರಲಿಲ್ಲ. ಬರೆದವನ ಬದುಕನ್ನು ಅವನ ಹೆಸರಿಲ್ಲದ ಸುದ್ದಿಗಳಿಂದಲೇ ಕಟ್ಟಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಮಂಡ್ಯ 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟಿತು. ಅದಕ್ಕೂ ಮೊದಲು ಈ ಸೀಮೆ ಪತ್ರಿಕೆಗಳ ಮುಖಪುಟ ಏರಿದ್ದು 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಂಪನಿಯಿಂದ, ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಡೆದ ಧ್ವಜ ಸತ್ಯಾಗ್ರಹದಿಂದ. ಕಬ್ಬು, ನಾಲೆ, ಚಳವಳಿ ಎಂಬ ಈ ಸುದ್ದಿಯ ಕ್ರಮ ಆಮೇಲೂ ಬದಲಾಗಲಿಲ್ಲ. 1948ರಲ್ಲಿ ‘ಪ್ರಜಾವಾಣಿ’, 1967ರಲ್ಲಿ ‘ಕನ್ನಡಪ್ರಭ’ ಬೆಂಗಳೂರಿನಿಂದ ಹೊರಟವು. ಮೈಸೂರಿನಿಂದ ರಾಜಶೇಖರ ಕೋಟಿಯವರ ‘ಆಂದೋಲನ’, ಕೆ.ಬಿ. ಗಣಪತಿಯವರ ‘ಮೈಸೂರು ಮಿತ್ರ’ ಬಂದವು. ಇಂಥ ಪತ್ರಿಕೆಗಳಿಗೆ ತಾಲ್ಲೂಕಿನಲ್ಲಿ ಇರುತ್ತಿದ್ದವನು ಅರೆಕಾಲಿಕ ಸುದ್ದಿಗಾರ. ಬೇರೆ ಕಸುಬೊಂದು ಇಟ್ಟುಕೊಂಡೇ ಸುದ್ದಿ ಕಳಿಸುವವನು. ಅಚ್ಚಾದ ಸುದ್ದಿಯ ಉದ್ದ ಅಳೆದು ಸಂಭಾವನೆ ಪಡೆಯುವ ಪದ್ಧತಿಯಲ್ಲಿ ಬೆಳೆದವನು. ಬೆಳಗ್ಗೆ ತಾಲ್ಲೂಕು ಪಂಚಾಯಿತಿ ಸಭೆ, ಮಧ್ಯಾಹ್ನ ಹೆದ್ದಾರಿ ತಡೆ, ರಾತ್ರಿ ಕಬಡ್ಡಿ ಫೈನಲ್: ಮೂರಕ್ಕೂ ಅದೇ ಕೈ, ಅದೇ ‘ವಾರ್ತೆ’ ಎಂಬ ಸಹಿ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದಂಥ ದಿನಗಳಲ್ಲಿ ಆಟದ ಫಲಿತಾಂಶಕ್ಕೆ ಜಾಗ ಕೇಳುವ ಧೈರ್ಯ ಯಾವ ಸುದ್ದಿಗಾರನಿಗೆ ಬಂದೀತು!

ಬೆಂಗಳೂರಿನ ಡೆಸ್ಕಿನ ಕಥೆ ಬೇರೆ. ಅಲ್ಲಿಯ ಕ್ರೀಡಾ ಪತ್ರಕರ್ತನ ವೃತ್ತಿಯನ್ನು ಗಡಿಯಾರ ಆಳಿತು. 1974ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಬೆಂಗಳೂರಿನ ರಣಜಿ ಸೆಮಿಫೈನಲ್‌ನಲ್ಲಿ, ಸತತ 15 ವರ್ಷ ಚಾಂಪಿಯನ್ ಆಗಿದ್ದ ಬಾಂಬೆಯನ್ನು ಹೊರದಬ್ಬಿತು. ಪ್ರಸನ್ನ ನಾಯಕತ್ವದ ಆ ತಂಡ ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ಎತ್ತಿತು. ಅಂದಿನ ಆಟ ಸಂಜೆಗೆ ಮುಗಿಯುತ್ತಿತ್ತು. ಬರೆಯಲು, ಅಚ್ಚುಮೊಳೆ ಜೋಡಿಸಲು ಸಮಯವಿತ್ತು. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್‌ಫೈನಲ್ ದೀಪದ ಬೆಳಕಿನಲ್ಲಿ ನಡೆದಾಗ, 2008ರ ಏಪ್ರಿಲ್ 18ರಂದು ಅಲ್ಲೇ ಮೊದಲ ಐಪಿಎಲ್ ಪಂದ್ಯ ರಾತ್ರಿ ಶುರುವಾದಾಗ ಈ ನೆಮ್ಮದಿ ಹೋಯಿತು. ದೂರದ ಊರುಗಳಿಗೆ ಮೊದಲು ಅಚ್ಚಾಗುವ ಡಾಕ್ ಆವೃತ್ತಿಗೂ ಕೊನೆಯ ಓವರಿಗೂ ಪೈಪೋಟಿ ಬಿತ್ತು.

ತಾಲ್ಲೂಕಿನ ಸುದ್ದಿಗಾರನನ್ನು ಆಳಿದ್ದು ಗಡಿಯಾರಕ್ಕಿಂತ ಸಾರಿಗೆ. ಮಂಡ್ಯ, ಮದ್ದೂರುಗಳು ಬೆಂಗಳೂರು–ಮೈಸೂರು ರೈಲು ಮಾರ್ಗದ ಮೇಲಿವೆ. ಮಳವಳ್ಳಿಗೆ ರೈಲಿಲ್ಲ, ಪತ್ರಿಕೆಯ ಕಟ್ಟು ಬರುತ್ತಿದ್ದುದೂ ಸುದ್ದಿಯ ಲಕೋಟೆ ಹೋಗುತ್ತಿದ್ದುದೂ ರಸ್ತೆಯಲ್ಲೇ. ಮಳವಳ್ಳಿ ಭಾಗದ ಹಳ್ಳಿ ಟೂರ್ನಿಯ ಫಲಿತಾಂಶ ಎರಡು ದಿನ ತಡವಾಗಿ ಅಚ್ಚಾಗಿದ್ದರೆ ಅದನ್ನು ವರದಿಗಾರನ ಉದಾಸೀನ ಎಂದು ಓದುವುದಕ್ಕೆ ಮೊದಲು ಬಸ್ಸಿನ ವೇಳಾಪಟ್ಟಿ ನೋಡುವುದು ಲೇಸು.

ಜಿಲ್ಲೆಯ ಕ್ರೀಡಾ ಸುದ್ದಿಗೆ ತನ್ನದೇ ಭಾಷೆಯಿದೆ. ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಶೀರ್ಷಿಕೆ ಇಲ್ಲಿಯ ಓದುಗರಿಗೆ ಹಬ್ಬದ ಹೆಸರಿನಷ್ಟೇ ಪರಿಚಿತ. ಕುಸ್ತಿಯಾದರೆ ‘ಜೋಡಿ ಕಟ್ಟುವುದು’, ‘ನಾಡಕುಸ್ತಿ’, ‘ಮಾರ್ಫಿಟ್ ಕುಸ್ತಿ’. ಈ ಮಾತುಗಳು ಗರಡಿಮನೆಯಿಂದ ನೇರವಾಗಿ ಪುಟಕ್ಕೆ ಬಂದವು. ಸುದ್ದಿಸಂಸ್ಥೆಯ ಅನುವಾದದಿಂದ ಬಂದವಲ್ಲ. ಆದರೆ ಈ ವರದಿಗಳಲ್ಲಿ ಉದ್ಘಾಟಿಸಿದ ಗಣ್ಯರ ಪಟ್ಟಿ ಉದ್ದ, ಆಟದ ವಿವರ ಗಿಡ್ಡ. ಯಾವ ಪಟ್ಟಿನಿಂದ ಪೈಲ್ವಾನ ಚಿತ್ ಆದ ಎಂದು ಹೇಳುವ ಸಾಲು ಹುಡುಕಿದರೂ ಅಪರೂಪ. ಬಹುಮಾನ ಕೊಟ್ಟವರ ಹೆಸರು ಬಿಟ್ಟುಹೋದರೆ ಮರುದಿನ ಸುದ್ದಿಗಾರನನ್ನು ಕೇಳುವವರಿರುತ್ತಾರೆ, ಪಟ್ಟು ಬಿಟ್ಟುಹೋದರೆ ಕೇಳುವವರಿಲ್ಲ.

ಕಬಡ್ಡಿಯ ಸ್ಥಾನ ಬದಲಾದ ಬಗೆ ಇದಕ್ಕಿಂತ ಕುತೂಹಲದ್ದು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಗಿ ಭಾರತ ಚಿನ್ನ ಗೆದ್ದರೂ ಜಿಲ್ಲೆಯ ಮಟ್ಟಿಗೆ ಅದು ಊರ ಸುದ್ದಿಯಾಗಿಯೇ ಉಳಿದಿತ್ತು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಅದೇ ಆಟ ರೈಡ್, ಟ್ಯಾಕಲ್ ಅಂಕಗಳ ಕೋಷ್ಟಕ ಹೊತ್ತು ರಾಜ್ಯದ ಕ್ರೀಡಾಪುಟಕ್ಕೆ ನಡೆಯಿತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರಶಸ್ತಿ ಗೆದ್ದಾಗ ಅದನ್ನು ಬರೆದದ್ದು ಕ್ರೀಡಾ ಡೆಸ್ಕು. ಮದ್ದೂರಿನ ಬಯಲಿನ ಪಂದ್ಯ ಮಾತ್ರ ಈಗಲೂ ಜಿಲ್ಲಾ ಪುಟದ್ದು.

ಎತ್ತಿನ ಗಾಡಿ ಓಟದ ಪಾಡು ಇನ್ನೂ ವಿಚಿತ್ರ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಇಂಥ ಸ್ಪರ್ಧೆಗಳಿಗೆ ತಡೆ ಹಾಕಿದ ಮೇಲೆ ಅದು ನ್ಯಾಯಾಲಯದ, ಪೊಲೀಸರ ಸುದ್ದಿಯಾಯಿತು. ರಾಜ್ಯ ಸರ್ಕಾರ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಕೋರ್ಟ್ ಅದನ್ನು ಎತ್ತಿಹಿಡಿಯಿತು. ಓಟ ಮರಳಿ ಆಟವಾಯಿತು. ಹೀಗಾಗಿ ಈ ಅವಧಿಯ ಕ್ರೀಡಾ ವರದಿಗಳನ್ನು ಹುಡುಕುವ ಸಂಶೋಧಕರು ಕ್ರೀಡಾಪುಟವನ್ನಷ್ಟೇ ತಿರುವಿದರೆ ಸಾಲದು, ಅಪರಾಧ ಸುದ್ದಿಯ ಅಂಕಣಗಳನ್ನೂ ನೋಡಬೇಕಾಗುತ್ತದೆ.