ಬಾಡಿಗೆ ಮನೆಗಳ ಪರವಾನಿಗೆ ಮತ್ತು ತಪಾಸಣೆ: ಗೋಕಾಕ, ಮೂಡಲಗಿ, ಹುಕ್ಕೇರಿ

ವಾಸದ ಮನೆಯನ್ನು ಬಾಡಿಗೆಗೆ ಕೊಡಲು ಸ್ಥಳೀಯ ಸಂಸ್ಥೆಯ ಪರವಾನಿಗೆ ಪಡೆಯಬೇಕೆಂಬ ಪದ್ಧತಿ ಬೆಳಗಾವಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಬೇರೂರಲಿಲ್ಲ. ಆದರೂ ಬಾಡಿಗೆ ಮನೆಯ ಹೊಸ್ತಿಲಿಗೆ ಸರ್ಕಾರ ಹಲವು ಸಲ ಬಂದುಹೋಗಿದೆ. ಪ್ರತಿ ಸಲವೂ ಬಂದ ಕಾರಣ ಬೇರೆ.

ಮೊದಲು ಕರೆತಂದದ್ದು ಪ್ಲೇಗು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಮುಂಬಯಿ ಪ್ರಾಂತದ ಅಧಿಕಾರಿಗಳು ಮನೆಯೊಳಗೆ ಹೊಕ್ಕು ನೋಡತೊಡಗಿದರು. ಪುಣೆಯಲ್ಲಿ ಈ ಶೋಧ ಅತಿರೇಕಕ್ಕೆ ಹೋಗಿ, ಅದೇ ವರ್ಷ ಜೂನ್ 22ರಂದು ಚಾಪೇಕರ ಸಹೋದರರು ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. ಬೆಳಗಾವಿ, ಧಾರವಾಡ ಸೀಮೆಗೆ ರೋಗ ಹಬ್ಬಿದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ರೋಗ ಇಳಿದ ಮೇಲೆ ಶೋಧವೂ ನಿಂತಿತು. ಅಷ್ಟರಲ್ಲಿ, 1887ರಲ್ಲಿ ಶುರುವಾದ ಗೋಕಾಕ ಫಾಲ್ಸ್‌ನ ನೂಲಿನ ಗಿರಣಿಯ ಸುತ್ತ ಕಾರ್ಮಿಕರ ವಸತಿ ಬೆಳೆದಿತ್ತು. ಗಿರಣಿ ಮನೆಗಳ ಮಟ್ಟಿಗೆ ಕೆಲಸದ ಧಣಿಯೇ ಮನೆಯ ಮಾಲಕ.

ಎರಡನೆಯ ಸಲ ಬಂದದ್ದು ಮನೆಗಳ ಅಭಾವದಿಂದ. 1956ರ ನವೆಂಬರ್ 1ರವರೆಗೆ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಇಲ್ಲಿಯ ಬಾಡಿಗೆ ಕಾನೂನೂ ಮುಂಬಯಿಯದೇ. 1947ರ ಆ ಕಾಯ್ದೆ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನು ಅಳತೆಗೋಲಾಗಿ ಹಿಡಿಯಿತು. ಅದರ ಜಾಗಕ್ಕೆ ಬಂದ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕಾಯ್ದೆ ಅನ್ವಯಿಸುವ ಊರುಗಳಲ್ಲಿ ಮನೆ ಖಾಲಿಯಾದರೆ ಮಾಲಕ 15 ದಿನದೊಳಗೆ ಕಂಟ್ರೋಲರ್‌ಗೆ ತಿಳಿಸಬೇಕಿತ್ತು. ಕಂಟ್ರೋಲರ್ ಅದನ್ನು ಸರ್ಕಾರಿ ಕಚೇರಿಗೋ ನೌಕರರಿಗೋ ಹಂಚಬಹುದಿತ್ತು. ಪರವಾನಿಗೆಗೆ ತೀರ ಹತ್ತಿರ ಬಂದ ವ್ಯವಸ್ಥೆ ಇದೊಂದೇ. ಆದರೆ ಮನೆ ಯಾರಿಗೆ ಸಿಗಬೇಕೆಂಬುದು ಅದರ ಚಿಂತೆಯಾಗಿತ್ತೇ ಹೊರತು ಮಾಳಿಗೆ ಸೋರುತ್ತದೆಯೇ ಎಂಬುದಲ್ಲ. ಬಾಡಿಗೆ ಜಗಳಗಳು ಕೋರ್ಟಿನಲ್ಲಿ 'ಎಚ್‌ಆರ್‌ಸಿ (ಮನೆ ಬಾಡಿಗೆ ನಿಯಂತ್ರಣ) ಕೇಸು' ಎಂಬ ಹೆಸರಲ್ಲಿ ವರ್ಷಗಟ್ಟಲೆ ನಡೆದವು. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 2000 ರೂಪಾಯಿ (ದೊಡ್ಡ ನಗರಗಳಲ್ಲಿ 3500) ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯ ಹೊರಗಿಟ್ಟಿತು. ಇಂದಿನ ದರದಲ್ಲಿ ಹೆಚ್ಚಿನ ಮನೆಗಳು ಅದರಾಚೆಯೇ.

ಪುರಸಭೆಗಳಿಗೆ ಬಾಡಿಗೆಯ ಲೆಕ್ಕ ಬೇಕಾದದ್ದು ಮನೆಪಟ್ಟಿಗಾಗಿ. 1964ರ ಪುರಸಭೆಗಳ ಕಾಯ್ದೆಯಡಿ ಬಹುಕಾಲ ತೆರಿಗೆ ನಿಂತದ್ದು ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ. ಎಷ್ಟು ಬಾಡಿಗೆ ಎಂದು ಕೇಳಿದರೆ ಕಡಿಮೆ ಹೇಳುವುದರಲ್ಲೇ ಮಾಲಕನ ಲಾಭವಿತ್ತು. ಈ ಶತಮಾನದ ಆರಂಭದಲ್ಲಿ ಸ್ವಯಂ ಘೋಷಣೆಯ ತೆರಿಗೆ ಬಂದಾಗ ಆ ಪ್ರಶ್ನೆಯೂ ಮರೆಯಾಯಿತು. 2018ರಲ್ಲಿ ಗೋಕಾಕದಿಂದ ಬೇರೆಯಾದ ಮೂಡಲಗಿ ತಾಲ್ಲೂಕಿಗೂ ಇದೇ ಕಾನೂನು. ಇಂದು ತಿಂಗಳಿಗೊಮ್ಮೆ ತಪ್ಪದೆ ಬಾಡಿಗೆ ಮನೆಯ ಬಾಗಿಲಿಗೆ ಬರುವವನು ಮೀಟರ್ ಓದುವವನು ಮಾತ್ರ. ಹುಕ್ಕೇರಿಯಲ್ಲಿ ಅವನು ಸರ್ಕಾರಿ ವಿದ್ಯುತ್ ಕಂಪನಿ ಹೆಸ್ಕಾಂನವನಲ್ಲ, 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದವನು.

ಉಳಿದ ದಾಖಲೆ ಎಂದರೆ ಬಾಡಿಗೆ ಕರಾರಿನ ಬಾಂಡ್ ಪೇಪರ್. ಅದರಲ್ಲಿ ಮಾಲಕನ ಹೆಸರು, ಸಿಟಿ ಸರ್ವೆ ನಂಬರು, ಡಿಪಾಜಿಟ್, ಕೊನೆಗೆ '11 ತಿಂಗಳ ಅವಧಿಗೆ' ಎಂಬ ಸಾಲು ಇರುತ್ತವೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಆ ಖರ್ಚು ತಪ್ಪಿಸುವ ಉಪಾಯವೇ ಈ ಹನ್ನೊಂದು. ಸಂಕೇಶ್ವರದಿಂದ ಗಡಿ ದಾಟಿ ಗಡಹಿಂಗ್ಲಜಕ್ಕೆ ಹೋದರೆ ಉಪಾಯ ನಡೆಯದು. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯಲ್ಲಿ ಕರಾರು ಎಷ್ಟೇ ತಿಂಗಳಿನದಿದ್ದರೂ ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು, ಹೊಣೆ ಮಾಲಕನದು.

2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಹಿರಣ್ಯಕೇಶಿ ಉಕ್ಕಿ ಮನೆಗಳು ಬಿದ್ದಾಗ, ಮನೆ ಕಳೆದುಕೊಂಡವರಿಗೆ ಬಾಡಿಗೆಗೆಂದು ತಿಂಗಳಿಗೆ 5000 ರೂಪಾಯಿಯಂತೆ 10 ತಿಂಗಳು ಕೊಡುವುದಾಗಿ ಸರ್ಕಾರ ಘೋಷಿಸಿತು. ಬಿದ್ದ ಮನೆಗಳನ್ನು ಹಾನಿಯ ಪ್ರಮಾಣದಂತೆ ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಸಂತ್ರಸ್ತರು ಸೇರುವ ಬಾಡಿಗೆ ಮನೆಗೆ ಅಂಥ ವರ್ಗವೇನೂ ಇರಲಿಲ್ಲ.

ಬೆಂಗಳೂರು ಪಾಲಿಕೆ 2024ರಲ್ಲಿ ಪೇಯಿಂಗ್ ಗೆಸ್ಟ್ ವಸತಿಗಳಿಗೆ ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂಬ ನಿಯಮ ತಂದಿತು. ಅದು ಬೆಂಗಳೂರಿಗಷ್ಟೇ. ಗೋಕಾಕದಲ್ಲಿ ಲಾಡ್ಜು ತೆರೆಯಲು ಪರವಾನಿಗೆ ಬೇಕು. ಹತ್ತು ಕೋಣೆಯ ತಗಡಿನ ಚಾಳು ಬಾಡಿಗೆಗೆ ಕೊಡಲು ಬೇಡ.