ಎತ್ತಿಲ್ಲದ ಸವಾರಿ ಗಾಡಿ: ಚಿಂಚಲಿ ಹಾದಿಯಿಂದ ಫೈಬರ್ ಟ್ರೇಲರ್‌ವರೆಗೆ

 

ಆರು ತಿಂಗಳಿಂದ ನಮ್ಮ ಮನೆ ಹಿಂದಿನ ಪತ್ರಾಸ್ ಶೆಡ್‌ನಲ್ಲಿ ಒಂದು ವಿಚಿತ್ರ ವಸ್ತು ನಿಂತಿದೆ. ಎರಡು ಗಾಲಿ, ಕಬ್ಬಿಣದ ಚಾಸಿ, ಅದರ ಮೇಲೆ ಫೈಬರ್‌ನ ಒಂದು ಚಿಪ್ಪು. ಮುಂದೆ ಗುಂಡಗೆ ಉಬ್ಬಿ, ಹಿಂದೆ ಇಳಿಜಾರಾಗಿ ಇಳಿಯೋ ಆಕಾರ. ಪಕ್ಕದಿಂದ ನೋಡಿದರೆ ನೀರಿನ ಹನಿಯನ್ನ ಅಡ್ಡ ಮಲಗಿಸಿದ ಹಾಗೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಟಿಯರ್‌ಡ್ರಾಪ್ ಟ್ರೇಲರ್ ಅಂತಾರೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗೋದು, ಒಳಗೆ ಇಬ್ಬರು ಮಲಗೋದು, ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ. ನಾವು ಮೂವರು ಗೆಳೆಯರು ಯೂಟ್ಯೂಬ್ ನೋಡಿ ನೋಡಿ ಕಟ್ತಾ ಇದ್ದೀವಿ. ಅಜ್ಜ ಒಂದಿನ ಬಂದು ಸುತ್ತ ಒಂದು ರೌಂಡ್ ಹಾಕಿ, ಒಳಗೆ ಇಣುಕಿ, "ಇದು ಎತ್ತಿಲ್ಲದ ಸವಾರಿ ಗಾಡಿ ಅಲ್ಲೇನೋ?" ಅಂದ.

ಇವತ್ತಿನ ಎಪಿಸೋಡ್ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಮೊದಲು ಅಮೆರಿಕದ ಕಥೆ ಬೇಗ ಮುಗಿಸ್ತೀನಿ. ಟಿಯರ್‌ಡ್ರಾಪ್ ಟ್ರೇಲರ್ ಹುಟ್ಟಿದ್ದು 1930ರ ದಶಕದಲ್ಲಿ. ಅದು ಮಹಾ ಆರ್ಥಿಕ ಕುಸಿತದ ಕಾಲ. ಹೋಟೆಲ್‌ಗೆ ಕೊಡೋಕೆ ದುಡ್ಡಿಲ್ಲ, ಆದರೆ ಮನೇಲಿ ಒಂದು ಹಳೇ ಕಾರು ಇದೆ, ಕೈಯಲ್ಲಿ ಮರಗೆಲಸ ಇದೆ. ಹಾಗಾಗಿ ಜನ ತಾವೇ ಕಟ್ಟಿಕೊಂಡರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುದ್ಧ ವಿಮಾನದ ಅಲ್ಯೂಮಿನಿಯಂ ತಗಡು, ಜೀಪಿನ ಗಾಲಿಗಳೆಲ್ಲ ಅಗ್ಗಕ್ಕೆ ಸಿಗೋಕೆ ಶುರುವಾಯಿತು. ಅವೂ ಟ್ರೇಲರ್ ಆದವು. 1947ರ ಸೆಪ್ಟೆಂಬರ್‌ನಲ್ಲಿ 'ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆ ಇದರ ನಕಾಶೆಯನ್ನೇ ಅಚ್ಚು ಹಾಕಿತು. ಅಂದ್ರೆ ಇದು ಶ್ರೀಮಂತರ ಶೋಕಿಯಾಗಿ ಶುರುವಾದದ್ದಲ್ಲ. ಅಳಿದುಳಿದ ಸಾಮಾನಿನಿಂದ ಸಾಮಾನ್ಯ ಜನ ಮಾಡಿಕೊಂಡ ಜುಗಾಡ್.

ಫೈಬರ್ ಗ್ಲಾಸ್ ಕೂಡ ಅದೇ ಕಾಲದ ಕೂಸು. ಗಾಜನ್ನ ಕರಗಿಸಿ ಎಳೆ ತೆಗೆಯೋದು, ಆ ಎಳೆಯನ್ನ ರೆಸಿನ್‌ನಲ್ಲಿ ಅದ್ದಿ ಗಟ್ಟಿ ಮಾಡೋದು. ಮೊದಲು ಯುದ್ಧದ ಕೆಲಸಕ್ಕೆ ಬಂತು, ಆಮೇಲೆ ದೋಣಿಗೆ, 1953ರಲ್ಲಿ ಶೆವರ್ಲೆ ಕಾರ್ವೆಟ್ ಅನ್ನೋ ಕಾರಿನ ಮೈಗೆ. ನನಗೆ ತುಂಬಾ ಇಷ್ಟವಾದ ಕಥೆ ಕೆನಡಾದ್ದು. ವಿನಿಪೆಗ್ ಊರಿನ ರೇ ಒಲೆಕೊ ಅನ್ನೋ ಮನುಷ್ಯ ಹಗುರವಾದ ಫೈಬರ್ ಸೆಪ್ಟಿಕ್ ಟ್ಯಾಂಕ್ ಮಾಡಿದ್ದ. ಅದೇ ತಂತ್ರದಲ್ಲಿ ಮನುಷ್ಯರು ಮಲಗೋ ಟ್ರೇಲರ್ ಯಾಕೆ ಆಗಬಾರದು ಅಂತ ಹೊಳೀತು. 1968ರಲ್ಲಿ 'ಬೋಲರ್' ಅನ್ನೋ 13 ಅಡಿ ಟ್ರೇಲರ್ ಬಂತು. ಹೌದ್ರಿ, ಸೆಪ್ಟಿಕ್ ಟ್ಯಾಂಕ್‌ನಿಂದ! ಇದನ್ನ ಅಮ್ಮನಿಗೆ ಹೇಳಿದ ದಿನದಿಂದ ಅವಳು ಟ್ರೇಲರ್ ಒಳಗೆ ಕಾಲಿಟ್ಟಿಲ್ಲ.

ಈಗ ಅಜ್ಜನ ಗಾಡಿಗೆ ಬರ್ತೀನಿ.

ನಮ್ಮ ಭಾಗದಲ್ಲಿ, ಅಂದ್ರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ, ವರ್ಷಕ್ಕೊಮ್ಮೆ ಮನೆಗೆ ಮನೆಯೇ ಗಾಡಿ ಹತ್ತೋದು. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆ. ಕರ್ನಾಟಕದವರೂ ಬರ್ತಾರೆ, ಮಹಾರಾಷ್ಟ್ರದವರೂ ಬರ್ತಾರೆ, "ಚಾಂಗಭಲೋ" ಅನ್ನೋ ಕೂಗಿಗೆ ಗಡಿ ಇಲ್ಲ. ಮೀರಜ್-ಬೆಳಗಾವಿ ರೈಲು ಹಾದಿಯಲ್ಲಿ ಚಿಂಚಲಿಗೆ ಸ್ಟೇಷನ್ ಇದೆ. ಆದರೂ ಎತ್ತು ಇದ್ದವರು ಎತ್ತಿನ ಗಾಡಿಯಲ್ಲೇ ಬರೋದು. ಇನ್ನು ಸವದತ್ತಿ ಯಲ್ಲಮ್ಮನ ಗುಡ್ಡ ಅಂದ್ರೆ ನಮ್ಮ ಕಡೆಯಿಂದ ನೂರು ಕಿಲೋಮೀಟರ್ ಮೀರಿದ ದಾರಿ. ಎತ್ತಿನ ನಡಿಗೆ ಗಂಟೆಗೆ ಮೂರು-ನಾಲ್ಕು ಕಿಲೋಮೀಟರ್. ನೀವೇ ಲೆಕ್ಕ ಹಾಕ್ರಿ, ದಾರಿಯಲ್ಲಿ ಎಷ್ಟು ರಾತ್ರಿ ಕಳೀಬೇಕು ಅಂತ.

ಆ ರಾತ್ರಿಗಳಿಗೋಸ್ಕರ ಗಾಡಿ ಮನೆ ಆಗ್ತಿತ್ತು. ಹೊಲದ ಗೊಬ್ಬರ ಹೊತ್ತ ಅದೇ ಚಕ್ಕಡಿಯನ್ನ ತೊಳೆದು, ಬಿದಿರನ್ನ ಬಾಗಿಸಿ ಕಮಾನು ಕಟ್ಟಿ, ಮೇಲೆ ತಟ್ಟಿ ಅಥವಾ ಜಾಡಿ ಹೊದಿಸೋದು. ಅಜ್ಜಿ ಹೇಳೋದು ಕೇಳಿದರೆ ಒಳಗಿನ ವ್ಯವಸ್ಥೆ ಗೊತ್ತಾಗುತ್ತೆ. ಎಲ್ಲಕ್ಕಿಂತ ಕೆಳಗೆ ಎತ್ತಿಗೆ ಅಂತ ಕಣಿಕಿ, ಅದರ ಮೇಲೆ ಜಮಖಾನ, ಅದರ ಮೇಲೆ ಕೌದಿ. ಮೇವೇ ಹಾಸಿಗೆ. ಹೋಗುವಾಗ ಹಾಸಿಗೆ ಎತ್ತರ, ದಿನಾ ಎತ್ತು ತಿಂದಷ್ಟೂ ಅದು ಇಳೀತಾ ಬರುತ್ತೆ. "ಬರೂವಾಗ ಬರೇ ಹಲಗಿ ಮ್ಯಾಲೆ ಮಲ್ಕೊಂಡು ಬೆನ್ನ ನೋವ್ತಿತ್ತು" ಅಂತಾಳೆ. ಮೂಲೆಯಲ್ಲಿ ಕಟಕ ರೊಟ್ಟಿ ಗಂಟು, ಶೇಂಗಾ ಚಟ್ನಿ, ನೈವೇದ್ಯಕ್ಕೆ ಬೇಕಾದ ಬೆಲ್ಲ-ಬೇಳೆ. ಗಾಡಿ ಕೆಳಗೆ ಸೀರೆ ಕಟ್ಟಿದರೆ ಕೂಸಿಗೆ ಜೋಳಿಗೆ. ಹಿಂದೆ ಮೂರು ಕಲ್ಲಿಟ್ಟರೆ ಒಲೆ. ನಮ್ಮ ಟಿಯರ್‌ಡ್ರಾಪ್‌ನ ಅಡುಗೆ ಕಟ್ಟೆ ಇರೋದೂ ಹಿಂದೇನೇ, ಗಮನಿಸಿ.

ಆ ಗಾಡಿ ಒಬ್ಬನ ಕೆಲಸ ಆಗಿರಲಿಲ್ಲ. ಬಡಿಗ ಗಾಲಿ ಮಾಡ್ತಿದ್ದ, ಕಮ್ಮಾರ ಅದಕ್ಕೆ ಕಬ್ಬಿಣದ ಹಳಿ ಹಾಕ್ತಿದ್ದ. ಹಳಿ ಗಾಲಿಗಿಂತ ಒಂಚೂರು ಚಿಕ್ಕದಿರುತ್ತೆ. ಸುತ್ತ ಕುಳ್ಳು ಒಟ್ಟಿ ಬೆಂಕಿ ಹಾಕಿದಾಗ ಅದು ಕಾದು ಹಿಗ್ಗುತ್ತೆ. ಆಗ ಇಕ್ಕಳದಲ್ಲಿ ಹಿಡಿದು ಗಾಲಿಗೆ ಕೂರಿಸಿ, ಕಟ್ಟಿಗೆ ಸುಡೋ ಮೊದಲೇ ನೀರು ಸುರಿಯಬೇಕು. ಕುಗ್ಗಿದ ಕಬ್ಬಿಣ ಎಲ್ಲಾ ಅರಗಳನ್ನ ಬಿಗಿದು ಹಿಡಿಯುತ್ತೆ. ಒಂದು ಮೊಳೆಯ ಹಂಗಿಲ್ಲ. ಬಿ.ಕಾಂ ಓದಿದ ನನಗೆ ಇದನ್ನ ಯಾರೂ ಕ್ಲಾಸಿನಲ್ಲಿ ಹೇಳಿಕೊಟ್ಟಿರಲಿಲ್ಲ ಬಿಡಿ.

ನಮ್ಮ ಟ್ರೇಲರ್‌ಗೆ ಗಾಲಿ ಹಾಕಿದ ದಿನ ಒಂದು ಫಜೀತಿ ಆಯಿತು. ಅಜ್ಜಿಯನ್ನ ಮೊದಲು ಕೂರಿಸೋಣ ಅಂತ ಹಿಂದಿನ ಬಾಗಿಲ ಹತ್ತಿರ ಕೂರಿಸಿದ್ವಿ. ಕಾರಿಗೆ ಕಟ್ಟಿರಲಿಲ್ಲ. ಮುಂದಿನ ಕಬ್ಬಿಣದ ಕೊಕ್ಕೆ ಸರ್ ಅಂತ ಮೇಲೆದ್ದು ಅಜ್ಜಿ ನೆಲಕ್ಕೆ ಜಾರಿದಳು. ಏನೂ ಆಗಲಿಲ್ಲ, ಬೈಗುಳ ಬಿಟ್ಟು. ಅಜ್ಜ ನಕ್ಕೊಂತ ಹೇಳಿದ, "ಹಿಂಭಾರ ಆತಲೇ. ಗಾಡಿ ಹೇರಾಕ ಬರಂಗಿಲ್ಲ ನಿಮಗ." ಚಕ್ಕಡಿಯಲ್ಲಿ ಹಿಂದೆ ಭಾರ ಜಾಸ್ತಿ ಆದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತೆ. ಮುಂದೆ ಜಾಸ್ತಿ ಆದರೆ ಹೆಗಲು ಹುಣ್ಣಾಗುತ್ತೆ. ನೊಗದ ಮೇಲೆ ಹದವಾದ ಒಂದಿಷ್ಟು ಭಾರ ಇರಲೇಬೇಕು. ಟ್ರೇಲರ್ ಕಟ್ಟೋರ ನಿಯಮವೂ ಇದೇ: ಒಟ್ಟು ತೂಕದ ಸುಮಾರು 10ರಿಂದ 15 ಪರ್ಸೆಂಟ್ ಕಾರಿನ ಕೊಕ್ಕೆ ಮೇಲೆ ಬೀಳಬೇಕು. ಇಲ್ಲದಿದ್ರೆ ಹೈವೇಯಲ್ಲಿ ಸ್ಪೀಡ್ ಹೆಚ್ಚಿದಾಗ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡಿ ಕಾರನ್ನೂ ಎಳೆದು ಹಾಕುತ್ತೆ. ಅಜ್ಜನ ಮಾತಿನ ಮೇಲೆ ಅಚ್ಚನ್ನ ಬಿಚ್ಚಿ ಹಿಂದಕ್ಕೆ ಸರಿಸಿದ್ವಿ. ಎರಡು ದಿನದ ವೆಲ್ಡಿಂಗ್ ಖರ್ಚು ನನ್ನ ಎಕ್ಸೆಲ್ ಶೀಟ್‌ನಲ್ಲಿ 'ಅಜ್ಜಿ' ಅನ್ನೋ ಹೆಸರಿನಲ್ಲೇ ಇದೆ.

ಸವಾರಿ ಗಾಡಿ ಹೋಗಿದ್ದು ಹೇಗೆ? ಒಂದೇ ದಿನ ಹೋಗಲಿಲ್ಲ. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು, ಆಮೇಲೆ ನೀರಾವರಿ ಹೆಚ್ಚಿತು, ಸಹಕಾರಿ ಕಾರ್ಖಾನೆಗಳು ಬಂದವು, ಕೃಷ್ಣಾ ದಂಡೆ ಪೂರ್ತಿ ಕಬ್ಬಾಯಿತು. ಕಬ್ಬು ಹೇರೋಕೆ ಕಟ್ಟಿಗೆಯ ಗಾಲಿ ಸಾಲಲಿಲ್ಲ, ಹಳೇ ಟ್ರಕ್ಕಿನ ಟೈರು-ಆಕ್ಸಲ್ ಹಾಕಿದ ಟೈರ್ ಗಾಡಿ ಬಂತು. ಅಮೆರಿಕದಲ್ಲಿ ಜೀಪಿನ ಗಾಲಿ ಟ್ರೇಲರ್‌ಗೆ ಹೋಯಿತಲ್ಲ, ಅದೇ ಥರ. ಟೈರ್ ಗಾಡಿ ಆದಮೇಲೆ ಟ್ರ್ಯಾಕ್ಟರ್. ಬಡಿಗನಿಗೂ ಕಮ್ಮಾರನಿಗೂ ಕೆಲಸ ಕಡಿಮೆಯಾಯಿತು.

ಆದರೆ ಗಾಡಿಯಲ್ಲಿ ಬದುಕೋದು ನಿಂತಿಲ್ಲ. ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ. ದೀಪಾವಳಿ ಹೊತ್ತಿಗೆ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರ ಕಡೆಯಿಂದ ಕಬ್ಬು ಕಡಿಯೋ ಗ್ಯಾಂಗ್‌ಗಳು ಬರ್ತವೆ. ಟ್ರ್ಯಾಕ್ಟರ್ ಟ್ರೇಲಿಯಲ್ಲಿ ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳು. ಗಂಡ-ಹೆಂಡತಿ ಸೇರಿ ಒಂದು ಕೊಯ್ತಾ, ಅಂದ್ರೆ ಒಂದು ಕುಡುಗೋಲಿನ ಲೆಕ್ಕ. ಮುಂಗಡ ಇಬ್ಬರಿಗೂ ಸೇರಿಯೇ ಕೊಡೋದು, ತೀರಿಸೋದೂ ಸೇರಿಯೇ. ಸೀಸನ್ ಮುಗಿಯೋವರೆಗೆ ರವದಿ ಹೊದಿಸಿದ ಗುಡಿಸಲು, ಇಲ್ಲಾ ತಾಡಪತ್ರಿ ಕಟ್ಟಿದ ಟ್ರೇಲಿಯೇ ಮನೆ. ಮಕ್ಕಳ ಶಾಲೆ ಊರಲ್ಲೇ ಉಳಿಯುತ್ತೆ.

ನಾನು ಹಿಂದಿನ ಸೀಸನ್‌ನಲ್ಲಿ ನಮ್ಮ ಟ್ರೇಲರ್‌ನ ಫೋಟೋ ಹಾಕಿ 'ಗಾಲಿ ಮೇಲಿನ ಬದುಕು' ಅಂತ ಹ್ಯಾಷ್‌ಟ್ಯಾಗ್ ಹಾಕಿದ್ದೆ. ಅವತ್ತು ಸಂಜೆ ನಮ್ಮ ಹೊಲದ ಪಕ್ಕದಲ್ಲೇ ಇಳಿದಿದ್ದ ಗ್ಯಾಂಗ್‌ನ ಒಬ್ಬ ಅಕ್ಕ ನೀರು ಕೇಳೋಕೆ ಬಂದಳು. ಶೆಡ್ ನೋಡಿ ಕೇಳಿದಳು, "ಇದರಾಗ ಎಷ್ಟ ತಿಂಗಳ ಇರ್ತೀರಿ?" ಎರಡು ದಿನ ಅಂದೆ. "ಎರಡ ದಿನಕ್ಕ ಇಷ್ಟ್ಯಾಕ?" ಅಂದಳು. ಆ ಹ್ಯಾಷ್‌ಟ್ಯಾಗ್ ತೆಗೆದೆ.

ರಸ್ತೆ ಮೇಲೆ ಮಲಗಿದವರ ಲೆಕ್ಕದಲ್ಲಿ ಇನ್ನೊಂದು ಹೆಸರು ಬಿಡೋಕಾಗಲ್ಲ. 1981ರ ಮಾರ್ಚ್‌ನಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆಗಾಗಿ ಶರದ್ ಜೋಶಿ ಅವರ ಮುಂದಾಳತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಮೂರು ವಾರಕ್ಕೂ ಹೆಚ್ಚು ಅಲ್ಲೇ ಊಟ, ಅಲ್ಲೇ ನಿದ್ದೆ. ಏಪ್ರಿಲ್‌ನಲ್ಲಿ ಪೊಲೀಸರ ಗೋಲಿಬಾರ್‌ಗೆ ರೈತರು ಸತ್ತರು. ಇವತ್ತು ಕ್ಯಾಂಪಿಂಗ್‌ಗೆ ಅಂತ ನಾವು ಹೋಗೋದು ಅದೇ ಹೈವೇ ಹಿಡಿದು. ಅದರ ಬಗ್ಗೆ ಬೇರೆ ಎಪಿಸೋಡ್ ಮಾಡ್ತೀನಿ, ಇಲ್ಲಿ ಎರಡು ಸಾಲಿನಲ್ಲಿ ಮುಗಿಸೋ ವಿಷಯ ಅಲ್ಲ.

ಫೈಬರ್ ಕೆಲಸ ಮಾಡ್ತೀನಿ ಅಂತ ಮೆಸೇಜ್ ಹಾಕಿದವರಿಗೆ ಮೂರು ಮಾತು. ಮೋಲ್ಡ್‌ಗೆ ವ್ಯಾಕ್ಸ್ ಸರಿಯಾಗಿ ಹಚ್ಚದಿದ್ರೆ ಚಿಪ್ಪು ಬಿಡಲ್ಲ, ನಮ್ಮ ಮೊದಲನೇ ಚಿಪ್ಪು ಹಾಗೇ ಒಡೀತು. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಹಾರ್ಡ್‌ನರ್ ಹಾಕಿದ ರೆಸಿನ್ ಬ್ರಷ್ ಎತ್ತೋದ್ರೊಳಗೆ ಕಲ್ಲಾಗುತ್ತೆ, ಬೆಳಗಿನ ತಂಪಿನಲ್ಲೇ ಮಾಡಿ. ಕೋಬಾಲ್ಟ್ ಮತ್ತು ಹಾರ್ಡ್‌ನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಯಾವತ್ತೂ ಬೆರೆಸಬೇಡಿ, ಸ್ಫೋಟ ಆಗಬಹುದು. ಕೋಬಾಲ್ಟ್ ಮೊದಲು ರೆಸಿನ್‌ಗೆ, ಅದು ಪೂರ್ತಿ ಕಲೆತ ಮೇಲೆ ಹಾರ್ಡ್‌ನರ್. ಮಾಸ್ಕ್ ಹಾಕ್ಕೊಳ್ಳಿ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ ಕೂಡ ವಾಹನವೇ, ಅದಕ್ಕೂ ನೋಂದಣಿ ಬೇಕು. ಚಿಂಚಲಿಗೆ ಹೊರಟ ಸವಾರಿ ಗಾಡಿಗೆ ನಂಬರ್ ಪ್ಲೇಟ್ ಇರಲಿಲ್ಲ. ನಮ್ಮದಕ್ಕೆ ಬೇಕು. ಕಾಗದ ಓಡಾಡ್ತಾ ಇವೆ, ಟ್ರೇಲರ್ ಶೆಡ್‌ನಲ್ಲೇ ಇದೆ.

ಭಾರತ ಹುಣ್ಣಿಮೆಯೊಳಗೆ ಕೆಲಸ ಆದರೆ ಮೊದಲ ಟ್ರಿಪ್ ಚಿಂಚಲಿಗೆ. ಅಜ್ಜಿ ಕೌದಿ ಒಗೆದು ಇಟ್ಟಿದ್ದಾಳೆ. ಈ ಸಲ ಮುಂದಿನ ಬದಿಗೇ ಕೂರ್ತಾಳಂತೆ.