ಹಾರ್ಟ್‌ಬ್ಲೀಡ್

ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದಲ್ಲಿದ್ದ, 2014ರ ಏಪ್ರಿಲ್ 7ರಂದು ಬಹಿರಂಗಗೊಂಡ ಭದ್ರತಾ ದೋಷ; ಅಧಿಕೃತ ಗುರುತು ಸಿವಿಇ-2014-0160. ಗೂಗಲ್‌ನ ನೀಲ್ ಮೆಹ್ತಾ ಹಾಗೂ ಫಿನ್ಲೆಂಡಿನ ಕೋಡೆನಾಮಿಕಾನ್ ಸಂಸ್ಥೆಯ ತಂತ್ರಜ್ಞರು ಇದನ್ನು ಪ್ರತ್ಯೇಕವಾಗಿಯೇ ಪತ್ತೆಹಚ್ಚಿದರು.

ಸಂಪರ್ಕ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಗಣಕ ಇನ್ನೊಂದಕ್ಕೆ ‘ಹಾರ್ಟ್‌ಬೀಟ್’ ಎಂಬ ಪುಟ್ಟ ಸಂದೇಶ ಕಳಿಸಿ, ಅದರ ಉದ್ದವನ್ನೂ ಹೇಳುತ್ತದೆ. ಎದುರಿನದು ಅಷ್ಟನ್ನೇ ಮರಳಿಸಬೇಕು. 1.0.1ರಿಂದ 1.0.1ಎಫ್‌ವರೆಗಿನ ಆವೃತ್ತಿಗಳು ಆ ಉದ್ದ ನಿಜವೇ ಎಂದು ನೋಡುತ್ತಲೇ ಇರಲಿಲ್ಲ. ಸೇರು ಅಕ್ಕಿ ಇಟ್ಟುಹೋದವನು ಮೂಟೆ ಕೇಳಿದರೆ ಪಕ್ಕದವರ ಅಕ್ಕಿಯನ್ನೂ ಸೇರಿಸಿ ಅಳೆದುಕೊಡುವ ಅಂಗಡಿಯವನಂತೆ, ಸರ್ವರ್ ತನ್ನ ಸ್ಮೃತಿಯಲ್ಲಿ ಅಕ್ಕಪಕ್ಕ ಬಿದ್ದಿದ್ದುದನ್ನೆಲ್ಲ ಒಮ್ಮೆಗೆ 64 ಕಿಲೋಬೈಟ್‌ವರೆಗೆ ಕೊಟ್ಟುಬಿಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಸರ್ವರ್‌ನ ಖಾಸಗಿ ಕೀಲಿಯೇ ಇರಬಹುದು. ಸಾಮಾನ್ಯ ಲಾಗ್‌ಗಳಲ್ಲಿ ಕಳವಿನ ಸುಳಿವೂ ಉಳಿಯುತ್ತಿರಲಿಲ್ಲ. ಹೀಗಾಗಿ 1.0.1ಜಿ ಆವೃತ್ತಿಯಿಂದ ತೇಪೆ ಹಾಕಿದರೆ ಸಾಲದೆ, ಕೀಲಿ, ಪ್ರಮಾಣಪತ್ರಗಳನ್ನೂ ಬದಲಿಸಬೇಕಾಯಿತು.

ಯಾರು ಬೇಕಾದರೂ ಓದಬಹುದಾದ ಸಂಕೇತದಲ್ಲಿ ಈ ತಪ್ಪು 2012ರ ಮಾರ್ಚ್‌ನಿಂದ ಎರಡು ವರ್ಷ ಕುಳಿತಿತ್ತು. ಮುಕ್ತವಾಗಿರುವುದು ಬೇರೆ, ಯಾರಾದರೂ ಓದಿರುವುದು ಬೇರೆ. ಕಣ್ಣಿಗೆ ಬೀಳದ್ದನ್ನು ಹುಡುಕಲು ‘ಫಜಿಂಗ್’ ಉಪಕರಣಗಳಿವೆ: ಅವು ಅಡ್ಡಾದಿಡ್ಡಿ ಮಾಹಿತಿಯನ್ನು ಲಕ್ಷಾಂತರ ಬಾರಿ ತುರುಕಿ ತಂತ್ರಾಂಶ ಎಲ್ಲಿ ಎಡವುತ್ತದೆಂದು ಕಾಯುತ್ತವೆ. ಎಎಫ್‌ಎಲ್ ಎಂಬ ಫಜರ್ ಜೊತೆಗೆ, ಸ್ಮೃತಿಯ ಗಡಿ ದಾಟಿದೊಡನೆ ಕೂಗಿಕೊಳ್ಳುವ ಅಡ್ರೆಸ್ ಸ್ಯಾನಿಟೈಸರ್ ಬಳಸಿದರೆ ಇದೇ ದೋಷ ಕೆಲವೇ ಗಂಟೆಗಳಲ್ಲಿ ಸಿಗುತ್ತದೆಂದು ಭದ್ರತಾ ಸಂಶೋಧಕ ಹ್ಯಾನೋ ಬೋಕ್ 2015ರಲ್ಲಿ ತೋರಿಸಿದರು. ಮುಕ್ತ ತಂತ್ರಾಂಶಗಳನ್ನು ನಿರಂತರ ಹೀಗೆ ಪರೀಕ್ಷಿಸುವ ಓಎಸ್‌ಎಸ್-ಫಜ್ ಸೇವೆಯನ್ನು ಗೂಗಲ್ 2016ರಲ್ಲಿ ಆರಂಭಿಸಿತು.